ಬೆನ್ನ ಮೇಲಿನ ಕರಿಮಣಿ

ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಕಾರವಾರದ ಮಾರುಕಟ್ಟೆ ರಸ್ತೆಯ ಆ ಸೈಬರ್ ಕೆಫೆಯಲ್ಲಿ ಬೆಳಗಿನ ಹೊತ್ತು ನೆಟ್ ಹೀಗೆಯೇ. ಮೊದಲು ಬೇಲೆಕೇರಿಯ ಆಕಾಶದ ಒಂದು ಪಟ್ಟಿ, ಆಮೇಲೆ ಕಾಶಿಯ ಕೂದಲು, ಆಮೇಲೆ ಅವಳ ಬರಿಯ ಹಣೆ. ಅಲ್ಲಿ ಬಂದು ಏನೋ ನೆನಪಾದಂತೆ ನಿಲ್ಲುವುದು. ಮತ್ತೆ ಮನಸ್ಸು ಮಾಡಿ ಕಣ್ಣು, ಮೂಗು, ಬಳೆಯಿಲ್ಲದ ಕೈ, ಕೈಯಲ್ಲಿ ಉಪ್ಪು ಹಚ್ಚಿದ ಬಂಗಡೆ. ಮಂದಾಕಿನಿಗೆ ಈ ಚಿತ್ರ ಬಾಯಿಪಾಠವಾಗಿತ್ತು, ತೆಗೆದವಳೇ ಅವಳು. ಆದರೂ ಇವತ್ತು ಅದು ಹಣೆಯ ಹತ್ತಿರ ನಿಂತಾಗ ಅವಳ ಕೈ ತಾನಾಗಿ ತನ್ನ ಹಣೆಗೆ ಹೋಯಿತು. ಸ್ಟಿಕರ್ ಬಿಂದಿ ಅಲ್ಲೇ ಇತ್ತು. ಚಿತ್ರದ ಕೆಳಗೆ ಮಂದಿ ಬರೆದದ್ದು ಸಾಲುಸಾಲಾಗಿ ಇಳಿಯಿತು, ಎಲ್ಲದರ ಕೊನೆಗೆ ಹೊಸದೊಂದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಇವಳು ನನ್ನ ಅತ್ತಿಗೆ ಕಾಶಿ. ನನ್ನ ಅಣ್ಣ ರಾಮಾ ಸತ್ತಿಲ್ಲ. ಬೋಟಿನ ಮೇಲೆ ಹೋಗಿದ್ದಾನೆ. ಬದುಕಿದ್ದವನಿಗಾಗಿ ಅಳುವುದಕ್ಕೆ ನೀವೆಲ್ಲ ಯಾರು?" ಬರೆದವನ ಹೆಸರು ಕಿಶನ, ಊರು ವಾಸ್ಕೋ.

ಅವಳು ಮತ್ತೊಮ್ಮೆ ಓದಿದಳು. ಪಕ್ಕದ ಕುರ್ಚಿಯಲ್ಲಿ ಯಾರೋ ಹೆಡ್‌ಫೋನ್ ಹಾಕಿಕೊಂಡು ಜೋರಾಗಿ ನಗುತ್ತಿದ್ದರು, ಆ ನಗು ತನ್ನ ಮೇಲೆಯೇ ಬಿದ್ದಂತಾಗಿ ಪರದೆಯ ಮೇಲಿನ ಕಿಟಕಿಯನ್ನು ಚಿಕ್ಕದು ಮಾಡಿದಳು. ಸತ್ತಿದ್ದಾನೆ ಎಂದು ತಾನು ಎಲ್ಲಿಯೂ ಬರೆದಿರಲಿಲ್ಲ. ಇದು ನಿಜ, ಈ ನಿಜವನ್ನು ಅವಳು ನಾಲಿಗೆಯ ಕೆಳಗೆ ಲವಂಗದಂತೆ ಇಟ್ಟುಕೊಂಡು ದಿನ ಕಳೆದಿದ್ದಳು. ಚಿತ್ರದ ಮೇಲೆ ಬರೆದದ್ದು ಇಷ್ಟೇ: 'ಕಾಶಿ, ಬೇಲೆಕೇರಿ. ಅದಿರಿನ ಲಾರಿಯ ಕೆಂಪು ಧೂಳು ಇವಳ ಮೀನಿನ ಮೇಲೆ ಬೀಳುತ್ತದೆ. ಮೀನು ಒಣಗಿಸಲು ನೆಲದಿಂದ ಎತ್ತರದ ಬಿದಿರಿನ ಅಟ್ಟ ಬೇಕು.' ಬರಿಯ ಹಣೆ, ಬರಿಯ ಕೈ, ಬರಿಯ ಕೊರಳು ನೋಡಿ ಉಳಿದದ್ದನ್ನು ಮಂದಿಯೇ ತುಂಬಿಕೊಂಡರು. ಪುಣೆಯವರೊಬ್ಬರು 'ಪಾಪ, ಇಷ್ಟು ಚಿಕ್ಕ ವಯಸ್ಸಿಗೆ' ಎಂದರು. ಅದರ ಕೆಳಗೆ ಇನ್ನೊಬ್ಬರು ಸಮುದ್ರವನ್ನು ಬೈದರು. ಆಮೇಲೆ ಅದೇ ಹರಿಯಿತು. ಆರ್ಕುಟ್‌ನಲ್ಲಿ ಅವಳು ಕೆಲಸ ಮಾಡುವ ಟ್ರಸ್ಟಿನ ಕಮ್ಯುನಿಟಿಯಲ್ಲಿ ಅದುವರೆಗೆ ಇದ್ದವರು ಆಡಳಿತ ಮಂಡಳಿಯವರು ಮತ್ತು ಅವರ ಮಕ್ಕಳು. ಆ ಒಂದು ಹಣೆಯಿಂದ ದುಬೈ, ಮಸ್ಕತ್, ಮುಂಬಯಿಯಲ್ಲಿದ್ದ ಕಾರವಾರದವರೆಲ್ಲ ಬಂದು ಸೇರಿದರು, ಅಟ್ಟಕ್ಕೆ ಹಣ ಕಳಿಸಿದರು.

ಹುಬ್ಬಳ್ಳಿಯ ತರಬೇತಿಯಲ್ಲಿ ಸಂದೇಶ ಎಂಬ ಹುರುಪಿನ ಮನುಷ್ಯ ಪರದೆಯ ಮುಂದೆ ಅತ್ತಿತ್ತ ಓಡಾಡುತ್ತ ಹೇಳಿದ್ದ: "ನಿಮ್ಮ ವರದಿ ಯಾರೂ ಓದಂಗಿಲ್ರಿ. ಒಂದು ಮುಖ ತೋರಸ್ರಿ. ಆ ಮುಖಕ್ಕ ಒಂದು ಹೆಸರು ಇರ್ಲಿ. ಮಂದಿ ಏನರ ಬರದ್ರ ಅವತ್ತ ಉತ್ತರ ಕೊಡ್ರಿ, ಒಬ್ಬರನ್ನೂ ಬಿಡಬ್ಯಾಡ್ರಿ. ಮನಿಗೆ ಬಂದವ್ರಿಗೆ ನೀರು ಕೊಡೂದಿಲ್ಲೇನು, ಹಂಗ." ಸಂಸ್ಥೆಗಳವರೆಲ್ಲ ತಲೆಯಾಡಿಸಿ ಬರೆದುಕೊಂಡರು. ಮಂದಾಕಿನಿಗೆ ನೀರಿನ ಮಾತು ಬಹಳ ಹಿಡಿಸಿತ್ತು. ಬಂದವರಿಗೆಲ್ಲ ನೀರು ಕೊಟ್ಟಳು. 'ಧನ್ಯವಾದ.' 'ನಿಮ್ಮ ಮಾತು ತಲುಪಿತು.' 'ನಿಮ್ಮಂಥವರಿದ್ದರೆ ಧೈರ್ಯ.' ಗಂಡ ಸತ್ತವಳೆಂದು ತಿಳಿದು ಸಮಾಧಾನ ಹೇಳಿದವರಿಗೆ 'ಇಲ್ಲ, ಇವಳ ಗಂಡ ಇದ್ದಾನೆ' ಎಂಬ ಒಂದು ಸಾಲು ಬರೆಯುವುದು ಎಷ್ಟು ಹೊತ್ತಿನ ಕೆಲಸ? ಮೊದಲ ದಿನ ಬರೆಯಬಹುದಿತ್ತು. ಎರಡನೆಯ ದಿನ ಸ್ವಲ್ಪ ಮುಜುಗರ. ಆಮೇಲೆ ಬರೆಯುವುದೆಂದರೆ ಹಿಂದಿನ ಧನ್ಯವಾದಗಳನ್ನೆಲ್ಲ ಒಂದೊಂದಾಗಿ ವಾಪಸ್ಸು ತೆಗೆದುಕೊಳ್ಳುವುದು.

ಆದರೆ ಅವಳ ಕಣ್ಣು ಹುಡುಕಿದ್ದು ಬೇರೆ ಸಾಲನ್ನು. ಮಸ್ಕತ್ತಿನ ದೀಪಾಲಿ ಬರೆದದ್ದು. ದೀಪಾಲಿಯ ತವರು ಇಲ್ಲೇ ಕೋಡಿಬಾಗದ ಕಡೆ. 'ಅಕ್ಕಾ, ಸಾಯಂಕಾಲದ ಹೊತ್ತು ಬಹಳ ಕಷ್ಟ ಅಲ್ಲವೇ? ಅಪ್ಪ ಹೋದ ಮೇಲೆ ನನ್ನ ಅಮ್ಮ ಹಾಗೆಯೇ ಬಾಗಿಲ ಕಡೆ ನೋಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ.' ಅದರ ಕೆಳಗೆ ಟ್ರಸ್ಟಿನ ಹೆಸರಿನಲ್ಲಿ, ತನ್ನದೇ ಬೆರಳಿನಿಂದ: 'ಹೌದು. ಸಾಯಂಕಾಲವೇ ಕಷ್ಟ.'

ಮೇಲಿನ ಮಾಳಿಗೆಯಲ್ಲಿ ಟ್ರಸ್ಟಿನ ಕಚೇರಿ. ಕಾರ್ಯದರ್ಶಿ ರಾಮನಾಥರು ಬ್ಯಾಂಕಿನಿಂದ ನಿವೃತ್ತರಾದವರು, ಯಾವ ಸುದ್ದಿಯನ್ನಾದರೂ ಮೊದಲು ಕನ್ನಡಕ ಒರೆಸಿಕೊಂಡೇ ಕೇಳುವವರು. ಒರೆಸಿಕೊಂಡು ಕೇಳಿದರು.

"ನಾವು ಬರೆದಿದ್ದೇವಾ ಅವಳ ಗಂಡ ಇಲ್ಲ ಅಂತ?"

"ಇಲ್ಲ ಸರ್."

"ಮತ್ತೆ? ಮಂದಿ ತಿಳ್ಕೊಂಡ್ರೆ ನಾವು ಎಂತ ಮಾಡೂದು? ಫೋಟೋ ತೆಗೆದ್ಬಿಡಿ ಮಂದಾಕಿನಿ ಬಾಯಿ. ಸದ್ದಿಲ್ದೇ ತೆಗೆದ್ರೆ ಯಾರೂ ಕೇಳೂದಿಲ್ಲ. ತಪ್ಪಾಯ್ತು ಅಂತ ಬರೀಲಿಕ್ಕೆ ಹೋದ್ರೆ ಇದ್ದ ಮಂದಿಯೂ ಓಡಿ ಹೋಗ್ತಾರೆ. ಅಟ್ಟದ ಕೆಲಸ ಅರ್ಧಕ್ಕೆ ನಿಲ್ತದೆ, ನೋಡ್ಕೊಳ್ಳಿ."

"ನಾನು ಒಂದ್ಸಲ ಬೇಲೆಕೇರಿಗೆ ಹೋಗಿ ಬರ್ತೇನೆ ಸರ್."

"ಹೋಗಿ ಎಂತ ಹೇಳ್ತೀರಿ?"

ಅದೇ ಅವಳಿಗೂ ಗೊತ್ತಿರಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ದೀಪಾಲಿಗೆ ಕೊಟ್ಟ ಉತ್ತರವನ್ನು ರಾಮನಾಥರು ನೋಡಿರಲಿಲ್ಲ. ನೋಡಿದ್ದರೂ ಅವರು ಅದನ್ನು ಒಳ್ಳೆಯ ಉತ್ತರವೆಂದೇ ತಿಳಿಯುತ್ತಿದ್ದರು, ತರಬೇತಿಯ ಫಲ ಎನ್ನುತ್ತಿದ್ದರು.

ಅಂಕೋಲಾ ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಬಿಣಗಾ ದಾಟಿ ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆ, ಗೋಡೆ ಮುಗಿದಲ್ಲಿ ಸಮುದ್ರ ಒಮ್ಮೆ ಇಣುಕಿ ಮತ್ತೆ ಗುಡ್ಡದ ಹಿಂದೆ ಹೋಯಿತು. ನೀರಿನ ಬಣ್ಣ ಸರಿಯಿರಲಿಲ್ಲ, ದೀಪಾವಳಿ ಕಳೆದರೂ ಮೋಡ ಹರಿದಿರಲಿಲ್ಲ. ಎದುರಿಗೆ ಸಾಲಾಗಿ ಲಾರಿಗಳು, ಚಾಲಕ ಪ್ರತಿ ಲಾರಿಗೂ ಒಂದು ಬೈಗುಳ ಹಂಚುತ್ತಿದ್ದ. ದಿನವೂ ಕದ್ವಾಡದಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿಯೂ ಅವಳಿಗೆ ಕಿಟಕಿಯೇ ಬೇಕು. ಕದ್ವಾಡದ ಗದ್ದೆಬಯಲು ಮುಗಿದ ಮೇಲೆ ಪರ್ಸಿನ ಕನ್ನಡಿಯ ಹಿಂದೆ ಅಂಟಿಸಿಟ್ಟ ಸ್ಟಿಕರನ್ನು ತೆಗೆದು ಹಣೆಗೆ ಇಟ್ಟುಕೊಳ್ಳಬೇಕು, ಸಂಜೆ ಅದೇ ಜಾಗ ಬರುವುದರೊಳಗೆ ತೆಗೆದು ಕನ್ನಡಿಗೆ ಅಂಟಿಸಬೇಕು. ಅತ್ತೆ ಎಂದೂ ಕೇಳಿದ್ದಿಲ್ಲ. ಹಣೆಯ ಮೇಲೆ ಉಳಿಯುವ ಆ ಸಣ್ಣ ಗುಂಡನೆಯ ಗುರುತನ್ನು ನೋಡದೇ ಇರುವುದಕ್ಕೆ ಅತ್ತೆ ದೀಪದ ಬತ್ತಿ ಹೊಸೆಯುತ್ತ ತಲೆ ತಗ್ಗಿಸುತ್ತಾರೆ, ಅದು ದಯೆಯೋ ಬೈಗುಳವೋ ಈವರೆಗೂ ತಿಳಿದಿಲ್ಲ. ಕಚೇರಿಯಲ್ಲಿ ರಾಮನಾಥರಿಗೆ ಗೊತ್ತು, ಅವರೂ ಕೇಳಿದವರಲ್ಲ. ಹಳ್ಳಿಗಳಲ್ಲಿ ಹೆಂಗಸರು ಮಾತ್ರ ಕೇಳುತ್ತಿದ್ದರು, "ಅಕ್ಕೋರ ಯಜಮಾನ್ರು ಎಲ್ಲಿ ಕೆಲ್ಸಕ್ಕೆ?" ಕದ್ರಾದಲ್ಲಿ, ಎನ್ನುತ್ತಿದ್ದಳು. ಕದ್ರಾದ ವಿದ್ಯುತ್ ಕೇಂದ್ರದಲ್ಲಿ. ಅದೂ ಸುಳ್ಳಲ್ಲ. ರಾಜೀವ ಅಲ್ಲಿಯೇ ಇದ್ದ. ಪಾಳಿ ಮುಗಿಸಿ ಬರುವಾಗ ಕಾಳಿಯ ದಂಡೆಯ ರಸ್ತೆಯಲ್ಲಿ ಬೈಕು ಜಾರುವ ತನಕ. ಆ ದಿನ ಅಂಗಳ ತುಂಬ ಮಂದಿ. ಎಲ್ಲರೂ ಅತ್ತೆಯ ಕೈ ಹಿಡಿದರು, ಮಾವನ ಬೆನ್ನು ಸವರಿದರು. ಅವಳು ಕೂತಿದ್ದ ಕೋಣೆಯ ಬಾಗಿಲಿಗೆ ಬಂದವರು ಒಳಗೆ ಒಮ್ಮೆ ನೋಡಿ, ನೋಡಬಾರದ್ದೇನೋ ಕಂಡವರಂತೆ ಹಿಂದೆ ಸರಿದರು. ಯಾರೂ ಊಟದ ಮಾತು ಕೇಳಲಿಲ್ಲ. ಅಲ್ಲ, ತಾಟು ತಂದಿಟ್ಟು ಹೋಗಿದ್ದರು. ಊಟ ಮಾಡು ಎಂದವರಿರಲಿಲ್ಲ. ಮೂರು ವರ್ಷದ ಮೇಲೆ ಮಸ್ಕತ್ತಿನಿಂದ ಒಬ್ಬಳು ಹೇಳಿದಳು, ಅದೂ ಬೇರೆಯವಳ ಹಣೆ ನೋಡಿ.

ಅಂಕೋಲಾದಲ್ಲಿ ಇಳಿದು ಬೇಲೆಕೇರಿಯ ಬಸ್ಸು ಹಿಡಿದಳು. ಬಸ್ಸಿನ ತುಂಬ ಮೀನು ಮಾರಿ ವಾಪಸ್ಸು ಹೊರಟ ಹೆಂಗಸರು, ಖಾಲಿ ಬುಟ್ಟಿ, ಎಲೆಯಡಿಕೆಯ ವಾಸನೆ, ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳ ಮಾತು. ಎಲ್ಲರಿಗೂ ಗೊತ್ತಾಗಿರಬಹುದೇ? ಮುಂದಿನ ಸೀಟಿನವಳು ತಿರುಗಿ ನೋಡಿದಳು. ಗೊತ್ತಾಗಿದೆ. ಅವಳು ಕೇಳಿದ್ದು ಚಿಲ್ಲರೆ ಇದೆಯಾ ಎಂದು.

ಒಣಮೀನಿನ ಬಯಲು ರಸ್ತೆಯ ಕೆಳಗೆಯೇ ಇತ್ತು. ಹೊಸದಾಗಿ ಕಟ್ಟಿದ ಬಿದಿರಿನ ಅಟ್ಟ ಅಲ್ಲಿ ಒಂದು ಬದಿಗೆ ನಿಂತಿತ್ತು, ಅದರ ಮೇಲೆ ಬೆಳ್ಳಗೆ ಮೀನು. ಅಟ್ಟ ಸಿಗದವರ ಮೀನು ಕೆಳಗೆ ಬಲೆಯ ಮೇಲೆ, ಕೆಂಪಗೆ. ಕಾಶಿ ಉಪ್ಪಿನ ಹೊಂಡದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಂಗಡೆ ಸೀಳುತ್ತಿದ್ದಳು. ಬಳೆ ಬಿಚ್ಚಿ ಸೆರಗಿನ ತುದಿಗೆ ಕಟ್ಟಿದ್ದಳು. ಕರಿಮಣಿಯನ್ನು ಹಿಂದಕ್ಕೆ ಹಾಕಿಕೊಂಡಿದ್ದಳು. ಬಗ್ಗಿದಾಗ ಉಪ್ಪುನೀರಿಗೆ ಇಳಿಯಬಾರದೆಂದು ಇಲ್ಲಿ ಎಲ್ಲರೂ ಹಾಗೆಯೇ, ತಾಳಿ ಬೆನ್ನ ಮೇಲೆ ರವಿಕೆಗೆ ಅಂಟಿ ಕೂತಿರುತ್ತದೆ. ಚಿತ್ರ ತೆಗೆದ ದಿನವೂ ಮಂದಾಕಿನಿ ಅದನ್ನು ನೋಡಿದ್ದಳು. ಮೊದಲು ಹಿಂದಿನಿಂದಲೇ ಬಂದಿದ್ದಳು, ಬೆನ್ನ ಮೇಲೆ ತಾಳಿಯ ಆ ಎರಡು ಬಂಗಾರದ ಬಟ್ಟಲು ಬಿಸಿಲಿಗೆ ಮಿಂಚಿದ್ದು ನೋಡಿಕೊಂಡೇ ಸುತ್ತು ಹಾಕಿ ಮುಂದೆ ಹೋಗಿ ನಿಂತು ಗುಂಡಿ ಒತ್ತಿದ್ದಳು. ಇದನ್ನು ರಾಮನಾಥರಿಗೆ ಹೇಳಿರಲಿಲ್ಲ. ಇದನ್ನು ಹೇಳುವುದು ಹೇಗೆ?

"ಬರ್ರಿ ಅಕ್ಕೋರೇ," ಕಾಶಿ ತಲೆ ಎತ್ತಲಿಲ್ಲ, ಕತ್ತಿ ನಿಲ್ಲಲಿಲ್ಲ. "ನನ್ನ ಮುಂಡೆ ಮಾಡ್ದವ್ರು ಬಂದ್ರು. ಪೂರ್ಣಿಮಾ, ಅಕ್ಕೋರಿಗೆ ಕೂತ್ಕಳೂಕೆ ಎಂತಾರೂ ಕೊಡೆ."

ಆ ಶಬ್ದ ನೇರ ಬಂದು ತಗುಲಿತು. ಕಾಶಿ ಹೊಡೆಯಬೇಕೆಂದು ಎಸೆದದ್ದಲ್ಲ ಎಂದು ಗೊತ್ತಿದ್ದರೂ, ಆ ಶಬ್ದವನ್ನು ತನ್ನೆದುರು ಯಾರೂ ಇಷ್ಟು ಸಲೀಸಾಗಿ ಆಡಿರಲಿಲ್ಲ.

"ಬಾಯಲ್ಲಿ ಎಂತದಾ ಆಡ್ತೆ ನೀನು!" ಆಚೆಯಿಂದ ಮುದುಕಿ ಬೀರಿ ಗದರಿದಳು. "ಗಂಡ ನೀರ ಮೇಲೆ ಇರ್ವಾಗ!"

"ನಾ ಆಡೂದಕ್ಕೆ ಮೊದ್ಲೇ ದುಬೈ ತನ್ಕ ಆಡಾಗೀದೆ ಬೀರ್ಯವ್ವಾ. ಕಿಶನ ಫೋನ್ ಮಾಡೂಕೆ ಹತ್ತೀದ, ಅತ್ತಿಗೆ ನೀ ಟೀವಿಯಂಗೆ ಬಂದೀದೆ, ಎಲ್ಲಾರೂ ನಿನ್ನ ನೋಡಿ ಅಳ್ತೇ ಇದ್ರು ಅಂತ." ಕಾಶಿ ಈಗ ತಲೆ ಎತ್ತಿದಳು. ಕಣ್ಣಿನ ಸುತ್ತ ನಿದ್ದೆಯಿಲ್ಲದ ಕಪ್ಪು. "ನಿನ್ನೆಯೇ ಬರ್ಬೇಕಾಗಿತ್ತು ಬೋಟು. ಫೋನ್ ಹತ್ತೂದಿಲ್ಲ. ಇಂಥಾ ಹೊತ್ನಲ್ಲಿ ಈ ಸುದ್ದಿ. ನಿಮಗೆ ನಾ ಎಂತ ಅನ್ಯಾಯ ಮಾಡಿದ್ದೆ ಅಕ್ಕೋರೇ?"

ನಾವು ಹಾಗೆ ಬರೆದಿರಲಿಲ್ಲ ಎಂಬುದು ಮಂದಾಕಿನಿಯ ತುಟಿಗೆ ಬಂತು, ಅದನ್ನು ನುಂಗಿದಳು. "ತಪ್ಪಾಯ್ತು ಕಾಶಿ. ಅವರು ಹಾಗೆ ತಿಳ್ಕೊಂಡ್ರು. ನಾನು ಅಲ್ಲ ಅಂತ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

ಸಮುದ್ರದ ಕಡೆಯಿಂದ ಒಂದು ಎಂಜಿನಿನ ಸದ್ದು ಬಂತು. ಬಯಲಿನ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಕಾಶಿ ತಿರುಗಲೂ ಇಲ್ಲ. "ಅದು ಬೇರೇರ್ದು," ಎಂದಳು. ಕತ್ತಿಗಳು ಮತ್ತೆ ಶುರುವಾದವು.

"ಈಗ್ಲೇ ಇನ್ನೊಂದು ಫೋಟೋ ತೆಗೀರಿ," ಕಾಶಿ ಎದ್ದು ಕೈಯನ್ನು ಸೀರೆಗೆ ಒರೆಸಿಕೊಂಡಳು. ಬೆನ್ನಿನಿಂದ ಕರಿಮಣಿ ಎಳೆದು ಮುಂದೆ ಹಾಕಿಕೊಂಡಳು, ಸೆರಗಿನ ಗಂಟು ಬಿಚ್ಚಿ ಬಳೆ ತೊಟ್ಟಳು, ಒಂದು ಬಳೆ ಉಪ್ಪುಗೈಗೆ ಏರದೆ ಹಟ ಮಾಡಿತು. "ಅವ್ರಿಗೆ ತೋರ್ಸಿ. ನೋಡ್ರಪ್ಪಾ, ನನ್ನ ಗಂಡ ಇದ್ದಾನೆ ಅಂತ. ತಡೀರಿ, ಹಣೇದು ಬೆವರಿಗೆ ಹೋಗೀದೆ." ಅವಳು ಮಂದಾಕಿನಿಯ ಮುಖ ನೋಡಿ ಒಂದು ಹೆಜ್ಜೆ ಹತ್ತಿರ ಬಂದಳು. "ನಿಮ್ಮದೇ ಕೊಡ್ರಿ. ಒಂದು ಗಳಿಗೆ ಸಾಕು. ಫೋಟೋ ಆದ ಮೇಲೆ ವಾಪಸ್ ಕೊಡ್ತೆ, ತಿನ್ನೂದಿಲ್ಲ."

ಕಾಶಿಯ ಕೈ ಮುಂದೆ ಬಂದಿತ್ತು, ಉಪ್ಪಿನಿಂದ ಬಿಳಿಚಿದ ಬೆರಳು. ಎಷ್ಟು ಸುಲಭ. ತೆಗೆದು ಕೊಟ್ಟರೆ ಮುಗಿಯಿತು, ಇವಳಿಗೆ ಎಂದಿಗೂ ತಿಳಿಯುವುದಿಲ್ಲ, ಅಂಗಡಿಯಲ್ಲಿ ಸಿಗುವ ಒಂದು ಪುಟ್ಟ ಸ್ಟಿಕರ್. ಇದರಲ್ಲೆಲ್ಲ ತನಗೆ ನಂಬಿಕೆಯಿಲ್ಲ ಎಂದು ಮಂದಾಕಿನಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಆದರೆ ಇವಳಿಗೆ ಇದೆ. ಇವಳ ಬೋಟು ಬಂದಿಲ್ಲ. ಈಗಾಗಲೇ ಒಮ್ಮೆ ಇವಳ ಹಣೆಯನ್ನು ಕೇಳದೆ ಬಳಸಿಕೊಂಡಾಗಿದೆ. ಅವಳ ಬೆರಳು ಹಣೆಗೆ ಹೋಗಿ, ಉಗುರು ಸ್ಟಿಕರಿನ ಅಂಚಿಗೆ ತಾಗಿ, ಅಲ್ಲಿಯೇ ನಿಂತಿತು.

"ಇದು ಬೇಡ ಕಾಶಿ."

"ಯಾಕೆ, ಮೀನಿನ ವಾಸ್ನೆ ಹತ್ತೂದಾ?"

"ನನ್ನದು ಬೇಡ. ನನ್ನ ಗಂಡ ಇಲ್ಲ. ಮೂರು ವರ್ಷ ಆಯ್ತು."

ಬೀರಿ ಬಾಯಿಯಲ್ಲಿದ್ದ ಎಲೆ ಉಗಿದಳು. ಪಕ್ಕದ ಮನೆಯ ಹುಡುಗಿ ಪೂರ್ಣಿಮಾ ತಂದ ಮಣೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಕಾಶಿಯ ಕೈ ಹಿಂದೆ ಹೋಯಿತು, ನಿಧಾನವಾಗಿ ಅಲ್ಲ, ಬಿಸಿ ಪಾತ್ರೆ ತಾಗಿದಂತೆ. ಆಮೇಲೆ ಅವಳು ಒಂದು ಮಾತನ್ನೂ ಆಡದೆ ಮನೆಯ ಕಡೆ ಹೋದಳು. ಹಿಂದಿನಿಂದ ನೋಡಿದರೆ ಈಗ ಬೆನ್ನು ಬರಿದಾಗಿತ್ತು.

ಮಂದಾಕಿನಿಗೆ ಹೊರಟು ಹೋಗಬೇಕೆನ್ನಿಸಿತು, ಆದರೂ ಕ್ಯಾಮೆರಾವನ್ನು ಚೀಲದಿಂದ ತೆಗೆದಳು. ಬೀರಿ ಒಮ್ಮೆ ಕೇಳಿದಳು, "ಕದ್ರಾದಲ್ಲಿ ಅಂದಿದ್ರಲ್ಲ?" ಮಂದಾಕಿನಿ ಹೌದು ಎಂದಳು. ಬೀರಿ "ಹ್ಞೂಂ" ಎಂದು ಮೀನು ಮಗುಚಿದಳು.

ಕಾಶಿ ಬಂದಾಗ ಹಣೆಯ ಮೇಲೆ ಕಾಸಿನಗಲ ಕುಂಕುಮ, ಒದ್ದೆ ಕೂದಲಿಗೆ ಅಬ್ಬಲಿಗೆ ಹೂವಿನ ತುಂಡು, ಮದುವೆಮನೆಗೆ ಉಡುವ ಹಸಿರು ಸೀರೆ. ನೆಟ್ಟಗೆ ನಿಂತಳು. ಮಂದಾಕಿನಿ ಕ್ಯಾಮೆರಾ ಎತ್ತಿದಳು.

"ತಡೀರಿ. ಅವ್ರು ಬರ್ದದ್ದು ಎಂತದು? ಮೊದ್ಲು ಅದ್ನ ಹೇಳ್ರಿ. ನನ್ನ ಹೆಸ್ರಿಗೆ ಬಂದದ್ದು, ನಾ ಕೇಳ್ಬೇಕಲ್ಲ."

ಮಂದಾಕಿನಿ ಕ್ಯಾಮೆರಾದ ಹಿಂದೆಯೇ ಮುಖವಿಟ್ಟುಕೊಂಡು ಹೇಳಿದಳು. ಪುಣೆಯವರು ಹೇಳಿದ್ದು. ಸಮುದ್ರವನ್ನು ಬೈದವರದ್ದು. ನೀವು ಒಬ್ಬರೇ ಅಲ್ಲ ಎಂದವರದ್ದು. ನಾವು ಯಾರೂ ನಿಮಗೆ ಪರಿಚಯವಿಲ್ಲ, ಆದರೂ ಮನೆಯಲ್ಲಿ ದೀಪ ಹಚ್ಚುವಾಗ ನಿಮ್ಮ ನೆನಪು ಮಾಡುತ್ತೇವೆ ಎಂದವರದ್ದು. ಒಂದಾದ ಮೇಲೆ ಒಂದು, ತಡವರಿಸದೆ, ಯಾವುದರ ಹಿಂದೆ ಯಾವುದು ಎಂಬ ಕ್ರಮವೂ ತಪ್ಪದೆ. ದೀಪಾಲಿಯದ್ದು ಬಂದಾಗ ಮಾತ್ರ ದನಿ ಸ್ವಲ್ಪ ಕೆಳಗಾಯಿತು. ಸಾಯಂಕಾಲದ ಹೊತ್ತು ಬಹಳ ಕಷ್ಟ ಅಲ್ಲವೇ. ಬಾಗಿಲ ಕಡೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

"ಸಾಯಂಕಾಲ ಕಷ್ಟವಾ?" ಕಾಶಿ ಪೂರ್ಣಿಮಾಳ ಕಡೆ ನೋಡಿದಳು. "ನಂಗೆ ಸಾಯಂಕಾಲ ಸಾಯೂಕೂ ಪುರುಸೊತ್ತಿಲ್ಲ ಮಾರಾಯ್ತಿ." ಪೂರ್ಣಿಮಾ ನಗಲು ಹೋಗಿ ನಿಲ್ಲಿಸಿದಳು. ಕಾಶಿ ಮತ್ತೆ ಮಂದಾಕಿನಿಯ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು, ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವಂತೆ.

"ಕಾಗ್ದ ನೋಡ್ದೇ ಹೇಳ್ದ್ರಿ," ಎಂದಳು.

ಮಂದಾಕಿನಿ ಕ್ಯಾಮೆರಾ ಕೆಳಗಿಳಿಸಿದಳು.

"ಇದ್ಯಾವ್ದೂ ನಂದಲ್ಲ ಅಕ್ಕೋರೇ. ನಂಗೆ ಬ್ಯಾಡ. ನೀವೇ ಇಟ್ಕಳಿ." ದನಿಯಲ್ಲಿ ಸಿಟ್ಟು ಹೋಗಿರಲಿಲ್ಲ. "ಆದ್ರೆ ಇಟ್ಕಂಡೀನಿ ಅಂತ ಅವ್ರಿಗೂ ಹೇಳಿ. ನನ್ನ ಮರೆಗೆ ಕೂತ್ಕಂಡು ತಿನ್ಬ್ಯಾಡ್ರಿ. ಹ್ಞಾಂ, ಈಗ ತೆಗೀರಿ."

ಗುಂಡಿ ಒತ್ತಿದಾಗ ಕಾಶಿ ಕ್ಯಾಮೆರಾವನ್ನು ನೋಡಲಿಲ್ಲ. ಮಂದಾಕಿನಿಯ ಭುಜದ ಮೇಲಿಂದ ನೀರನ್ನು ನೋಡುತ್ತಿದ್ದಳು.

ವಾಪಸ್ಸು ಬರುವಾಗ ಬಸ್ಸು ಅವರ್ಸಾ ದಾಟಿದ ಮೇಲೆ ಪೂರ್ಣಿಮಾಳ ಫೋನ್ ಬಂತು. ಅವಳ ಹಿಂದೆ ಗದ್ದಲ, ಗದ್ದಲದೊಳಗೆ ಕಾಶಿಯ ದನಿ ಯಾರನ್ನೋ ಹಿಗ್ಗಾಮುಗ್ಗಾ ಬೈಯುತ್ತಿತ್ತು. "ಬಂತು ಅಕ್ಕೋರೇ! ಎಂಜಿನ್ ಕೆಟ್ಟೋಗಿತ್ತಂತೆ, ತದಡಿ ಬೋಟಿನವ್ರು ಎಳ್ಕಂಡು ಬಂದ್ರು. ರಾಮಣ್ಣ ಇಳೀತೇ ಇದ್ದಂಗೇ ಕೇಳ್ದ, ಹೆಂಡ್ತಿ ಯಾಕೆ ಮದುವೆಮನೆ ಸೀರೆ ಉಟ್ಕಂಡು ದಂಡೆ ಮೇಲೆ ನಿಂತೀದೆ ಅಂತ. ಕೇಳ್ತೇ ಇದ್ರಾ ಕಾಶಕ್ಕನ ದನಿ? ಬೈತೇ ಇದ್ದು ನೋಡಿ, ಬೈತೇ ಇದ್ದು!" ಮಂದಾಕಿನಿಗೆ ನಗು ಬಂತು. ಫೋನ್ ಇಟ್ಟ ಮೇಲೂ ಆ ಬೈಗುಳ ಕಿವಿಯಲ್ಲಿ ಉಳಿಯಿತು. ಹಾಗೆ ಬೈಯುವುದಕ್ಕೆ ಒಬ್ಬ ಮನುಷ್ಯ ಎದುರಿಗೆ ನಿಂತಿರಬೇಕು.

ರಾಮನಾಥರು ಕಚೇರಿಯ ಬಾಗಿಲು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಬೋಟಿನ ಸುದ್ದಿಯನ್ನು ಅವಳು ಬಸ್ಸಿನಿಂದಲೇ ಅವರಿಗೆ ಫೋನಿನಲ್ಲಿ ಹೇಳಿದ್ದಳು. "ಬಂತಲ್ಲ ಬೋಟು? ಮತ್ತೆಂತ, ಮುಗೀತು. ಹಳೇ ಫೋಟೋ ತೆಗೀರಿ, ಮನೆಗೆ ಹೋಗಿ. ಬರೀಲಿಕ್ಕೆ ಗಿರೀಲಿಕ್ಕೆ ಹೋಗ್ಬೇಡಿ." ಅವರು ಹೇಳುವುದು ಸರಿಯಾಗಿಯೇ ಇತ್ತು. ಗಂಡ ಬಂದ, ಹೆಂಡತಿ ಬೈದಳು, ಕಿಶನನ ಸಿಟ್ಟು ಇಳಿಯುತ್ತದೆ. ಇನ್ನು ಯಾರಿಗೂ ಯಾವ ಹಾನಿಯೂ ಇಲ್ಲ. ಅಟ್ಟ ಸಿಗದ ಬೀರಿಯ ಕೆಂಪು ಮೀನು ನೆನಪಾಯಿತು. ಅವಳು ಕೆಫೆಯ ಬಾಗಿಲು ತಳ್ಳಿದಳು.

ಬೆಳಗಿನ ಕುರ್ಚಿಯೇ ಸಿಕ್ಕಿತು. ಹೊರಗೆ ಸಾಯಂಕಾಲವಾಗುತ್ತಿತ್ತು. ಹೊಸ ಚಿತ್ರವನ್ನು ಏರಿಸಿ ಅದರ ಕೆಳಗೆ ಬರೆದಳು: 'ಇವಳು ಕಾಶಿ. ಇವಳ ಗಂಡ ರಾಮಾ ಇವತ್ತು ಸಮುದ್ರದಿಂದ ಬಂದ. ಮೊದಲಿನ ಚಿತ್ರದಲ್ಲಿಯೂ ಇವಳ ತಾಳಿ ಇತ್ತು, ಬೆನ್ನ ಮೇಲೆ. ನಾನು ನೋಡಿದ್ದೆ.' ಬೆರಳು ನಿಂತಿತು. ಇಷ್ಟೇ ಸಾಕು ಎನ್ನಿಸಿತು. ಸಂಸ್ಥೆಯ ಪುಟ ಇದು, ತನ್ನದಲ್ಲ. ಈ ಮಂದಿಯಲ್ಲಿ ಕದ್ವಾಡದವರು ಎಷ್ಟು ಜನವೋ, ಯಾರ ಮಗ ಯಾರಿಗೆ ಫೋನ್ ಮಾಡುತ್ತಾನೋ, ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ತಲೆ ಎತ್ತುವ ದಿನ ನಾಳೆಯೇ ಬರಬಹುದು. ಪಕ್ಕದಲ್ಲಿ ಯಾರೋ ಕುರ್ಚಿ ಎಳೆದು ಎದ್ದರು. ಅವಳು ಮತ್ತೆ ಬರೆದಳು: 'ಸಾಯಂಕಾಲ ಕಷ್ಟ ಎಂದವಳು ನಾನು. ನೀವು ಹೇಳಿದ್ದೆಲ್ಲ ನನಗೆ ತಲುಪಿದೆ. ಕೇಳದೆ ತೆಗೆದುಕೊಂಡೆ. ಮಂದಾಕಿನಿ, ಕದ್ವಾಡ.'

ಒತ್ತಿದಳು. ಪರದೆ ಕಪ್ಪಾಯಿತು. ನೆಟ್ ಸಾಯಂಕಾಲವೂ ಹಾಗೆಯೇ. ಕಪ್ಪಿನ ಮೇಲೆ ಮೊದಲು ಮೋಡದ ಒಂದು ಪಟ್ಟಿ, ಆಮೇಲೆ ಅಬ್ಬಲಿಗೆ, ಒದ್ದೆ ಕೂದಲು, ಆಮೇಲೆ ಕಾಸಿನಗಲ ಕೆಂಪು. ಅಲ್ಲಿ ಬಂದು ನಿಂತಿತು. ಕದ್ವಾಡದ ಬಸ್ಸಿಗೆ ಹೊತ್ತಾಗಿತ್ತು. ಕಪ್ಪಾಗಿದ್ದ ಪರದೆಯ ಕೆಳಭಾಗದಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು, ಮೇಲೆ ಕಾಶಿಯ ಹಣೆ, ಕೆಳಗೆ ತನ್ನ ಕಣ್ಣು. ಉಳಿದದ್ದು ಇಳಿದು ಬರುವುದನ್ನು ಕಾಯುತ್ತ ಅವಳು ಅಲ್ಲಾಡದೆ ಕೂತಳು.